ಬಿಟ್ಟಿ ಎಂದರೆ ಯಾವುದು?

2025ರ ಬೇಸಿಗೆಯಲ್ಲಿ ಮೂಡಿಗೆರೆಯಲ್ಲೊಂದು ಮದುವೆ. ನಮ್ಮ ಕಡೆ ಮದುವೆಗಿಂತ ಬೀಗರೂಟಕ್ಕೇ ಜನ ಹೆಚ್ಚು. ಕಡುಬು, ಕೋಳಿಸಾರು ಎಲ್ಲ ಮುಗಿದು, ಕೈ ತೊಳೆದು, ಎಲೆಅಡಿಕೆ ತಟ್ಟೆ ನಡುವೆ ಇಟ್ಟುಕೊಂಡು ಏಳೆಂಟು ಹೆಂಗಸರು ಕುಳಿತಿದ್ದೆವು. ಕಾಫಿ ರೇಟಿನ ಮಾತು ಬಂತು. ಬಾರದೆ ಇದ್ದೀತೆ? ಅರೇಬಿಕಾ ಪಾರ್ಚ್‌ಮೆಂಟಿನ ಐವತ್ತು ಕೇಜಿ ಚೀಲ 25,000 ರೂಪಾಯಿ ದಾಟಿದ ವರ್ಷ ಅದು. ನಾನು ಈ ಸೀಮೆಗೆ ಸೊಸೆಯಾಗಿ ಬಂದಾಗಿನಿಂದ ಅಂಥ ರೇಟು ಕಂಡಿರಲಿಲ್ಲ.

"ರೇಟಿದ್ದು ಏನು ಬಂತು ಕಣ್ರೀ, ಕುಯ್ಯೋಕೆ ಆಳೆಲ್ಲಿದಾರೆ?" ಎಂದರು ಒಬ್ಬರು. ಅವರ ಮನೆಯ ತೋಟ ನಮ್ಮದರ ನಾಲ್ಕರಷ್ಟಿದೆ. "ಬಿಟ್ಟಿ ದುಡ್ಡು ಕೊಟ್ಟು ಕೊಟ್ಟು ಎಲ್ಲರನ್ನೂ ಸೋಮಾರಿ ಮಾಡಿಟ್ಟರು. ಹೆಂಗಸರಿಗೆ ಎರಡು ಸಾವಿರ, ಮುದುಕಿಯರಿಗೆ ಪಿಂಚಣಿ, ಬಸ್ಸು ಫ್ರೀ. ಇನ್ನು ಯಾಕಾದ್ರೂ ಮೈ ಬಗ್ಗಿಸ್ತಾರೆ? ನಮ್ಮ ತೆರಿಗೆ ದುಡ್ಡೆಲ್ಲ ಹೀಗೇ ಹೋಯ್ತು."

ಎಲ್ಲರೂ ಹೌದು ಹೌದೆಂದರು. ನಾನು ಬಾಯಲ್ಲಿ ಎಲೆಅಡಿಕೆ ಇದ್ದ ನೆಪದಿಂದ ಸುಮ್ಮನಿದ್ದೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು, ಮಾತು ಬರುವುದಿಲ್ಲವೆಂದಲ್ಲ. ಮದುವೆ ಮನೆಯಲ್ಲಿ ಜಗಳ ಯಾಕೆಂಬ ಸಂಕೋಚ. ಇನ್ನೊಂದು ಕಾರಣವೂ ಇತ್ತು, ಅದನ್ನು ಕೊನೆಗೆ ಹೇಳುತ್ತೇನೆ. ಅಲ್ಲಿ ಆಡದ ಮಾತನ್ನು ಇಲ್ಲಿ ಆಡಿಬಿಡುತ್ತೇನೆ. ಕೊಂಚ ಉದ್ದವಾದೀತು.

ಮೊದಲು ಆ 'ಬಿಟ್ಟಿ' ಎಂಬ ಪದ. ಮೇಷ್ಟ್ರಗಿತ್ತಿಯ ಚಟ, ಕ್ಷಮಿಸಿ. ಸಂಸ್ಕೃತದ 'ವಿಷ್ಟಿ'ಯಿಂದ ಬಂದದ್ದು ಅದು. ಹಳೆಯ ಶಾಸನಗಳಲ್ಲಿ ಬಿಟ್ಟಿ ಎಂದರೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ಕೆಲಸ. ದೊರೆಯ ಕೋಟೆಗೆ ಮಣ್ಣು ಹೊರುವುದು, ಅಧಿಕಾರಿಯ ಸಾಮಾನು ಹೊರುವುದು, ಎಲ್ಲ ಬಿಟ್ಟಿ. 'ಬಿಟ್ಟಿ ಬೇಗಾರಿ' ಎಂದು ಈಗಲೂ ಹಳಬರು ಅನ್ನುತ್ತಾರೆ. ಅಂದರೆ ಬಿಟ್ಟಿ ಎನ್ನುವುದು ದುಡಿದವನು ಕಳೆದುಕೊಂಡದ್ದರ ಹೆಸರಾಗಿತ್ತು. ಈಗ ಅದೇ ದುಡಿದವನಿಗೆ ಒಂದಿಷ್ಟು ಬಂದರೆ ಅದರ ಹೆಸರಾಗಿ ಕುಳಿತಿದೆ. ಒಂದು ಪದ ಹೀಗೆ ತಲೆಕೆಳಗಾಗುವಾಗ ನಾವು ಯಾರೂ ಗಮನಿಸಲಿಲ್ಲವಲ್ಲ!

ಆ ಮಾತು ಬಂದಾಗ ನನ್ನ ಕಣ್ಣ ಮುಂದೆ ಬಂದವಳು ನಮ್ಮ ಲೈನಿನಲ್ಲಿದ್ದವಳು. ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯಲ್ಲಿದೆ ನನ್ನ ಗಂಡನ ಮನೆಯವರ ತೋಟ. 1970ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ತಾಯಿಯ ಕೈಹಿಡಿದು ಘಟ್ಟದ ಕೆಳಗಿನಿಂದ ಚಾರ್ಮಾಡಿ ಹತ್ತಿ ಬಂದವಳು. ಮನೆಮಾತು ತುಳು. 2014ರಲ್ಲಿ ಮಂಡಿ ಪೂರ್ತಿ ಕೈಕೊಡುವವರೆಗೆ, ನಲವತ್ತನಾಲ್ಕು ವರ್ಷ, ಅದೇ ತೋಟದಲ್ಲಿ ದುಡಿದಳು. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ಆಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಕಾಲಿಗೆ ಹತ್ತಿದ ಇಂಬಳ ಕೀಳುತ್ತ ಕೀಳುತ್ತ ಚಿಗುರು ತೆಗೆದಳು, ಗೊಬ್ಬರ ಹಾಕಿದಳು. ನವೆಂಬರಿನಿಂದ ಶಿವರಾತ್ರಿವರೆಗೆ ಹಣ್ಣು ಕುಯ್ದಳು, ಕಣದಲ್ಲಿ ಕಾಫಿ ಹರಡಿದಳು, ಸಂಜೆ ಮಂಜು ಬೀಳುವ ಮೊದಲು ರಾಶಿ ಮಾಡಿ ಮುಚ್ಚಿದಳು. ಅವಳ ಹೆಸರು ಬರೆಯುವುದಿಲ್ಲ. ಅವಳನ್ನು ಕೇಳದೆ ಬರೆಯುವುದು ಸರಿಯಲ್ಲ, ಕೇಳಿದರೆ ನಾಚಿಕೊಂಡು ಓಡುತ್ತಾಳೆ.

ಅವಳು ಹುಟ್ಟಿದ್ದು 1956ರಲ್ಲಿ. ನಾನು ಹುಟ್ಟಿದ್ದೂ 1956ರಲ್ಲಿ. ಅವಳು ನನ್ನನ್ನು 'ಅಮ್ಮಾ' ಎನ್ನುತ್ತಾಳೆ, ನಾನು ಅವಳನ್ನು ಏಕವಚನದಲ್ಲಿ ಕರೆಯುತ್ತೇನೆ. ಈ ವಿಚಿತ್ರ ನನ್ನ ತಲೆಗೆ ಹೊಳೆದದ್ದೇ ಅರವತ್ತು ದಾಟಿದ ಮೇಲೆ.

ನಾನು ನೌಕರಿಗೆ ಸೇರಿದ್ದು 1984ರಲ್ಲಿ, ನಿವೃತ್ತಿಯಾದದ್ದು 2016ರಲ್ಲಿ. ಸರಕಾರಿ ಹೈಸ್ಕೂಲು, ಹಳೆಯ ಪಿಂಚಣಿ. ತಿಂಗಳಾಯಿತೆಂದರೆ ಬ್ಯಾಂಕಿಗೆ ದುಡ್ಡು ಬಂದು ಬೀಳುತ್ತದೆ. ಜನವರಿಗೊಮ್ಮೆ, ಜುಲೈಗೊಮ್ಮೆ ತುಟ್ಟಿಭತ್ಯೆ ಪರಿಷ್ಕರಣೆ. ಬೇಳೆಯ ಬೆಲೆ ಏರಿತೆಂದು ನಾನು ಯಾರಿಗೂ ಅರ್ಜಿ ಬರೆಯಬೇಕಾಗಿಲ್ಲ, ಲೆಕ್ಕ ತಾನಾಗಿ ನಡೆಯುತ್ತದೆ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಾಗ ಮನೆಯಲ್ಲಿ ಕುಳಿತಿದ್ದ ನನಗೂ ಏರಿಕೆ ಸಿಕ್ಕಿತು. ನಾನು ಮಾಡುವ ಕೆಲಸವೆಂದರೆ ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಹೋಗಿ ಬದುಕಿದ್ದೇನೆ ಎಂದು ಪ್ರಮಾಣಪತ್ರ ಕೊಡುವುದು.

ಅವಳಿಗೂ ಬದುಕಿದ್ದೇನೆ ಎಂದು ತೋರಿಸುವ ಕೆಲಸವಿದೆ. ಗಂಡ ತೀರಿಕೊಂಡ ಮೇಲೆ ಅವಳಿಗೆ ವಿಧವಾ ವೇತನ ಬರುತ್ತಿತ್ತು, ತಿಂಗಳಿಗೆ 600 ರೂಪಾಯಿ. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ದಿನವೇ ವಿಧವಾ ವೇತನವನ್ನು 800ಕ್ಕೂ, ಸಂಧ್ಯಾ ಸುರಕ್ಷಾವನ್ನು 1,000ದಿಂದ 1,200ಕ್ಕೂ ಏರಿಸುವುದಾಗಿ ಹೇಳಿದರು. ಅದೇ ವರ್ಷ ಅವಳಿಗೆ ಅರವತ್ತೈದು ತುಂಬಿತು. ಸಂಧ್ಯಾ ಸುರಕ್ಷಾಕ್ಕೆ ಬದಲಾಯಿಸಿಕೊಂಡರೆ ಇನ್ನಷ್ಟು ಸಿಗುತ್ತದೆಂದು ನಾನೇ ಅರ್ಜಿ ಬರೆದುಕೊಟ್ಟೆ. ಬದಲಾವಣೆಯ ಗದ್ದಲದಲ್ಲಿ ಮೊದಲಿನದೂ ನಿಂತಿತು, ಹೊಸದೂ ಬರಲಿಲ್ಲ. ಐದು ತಿಂಗಳು. ಒಂದು ಕಡೆ ಆಧಾರ್ ಜೋಡಣೆಯಾಗಿಲ್ಲ ಎಂದರು, ಇನ್ನೊಂದು ಕಡೆ ಹೆಬ್ಬೆಟ್ಟು ಹಿಡಿಯುತ್ತಿಲ್ಲ ಎಂದರು. ಹೆಬ್ಬೆಟ್ಟು ಹೇಗೆ ಹಿಡಿದೀತು? ನಲವತ್ತನಾಲ್ಕು ವರ್ಷ ಕಾಫಿ ಹಣ್ಣು ಕಿತ್ತ ಬೆರಳದು. ಗೆರೆಗಳೆಲ್ಲ ಸವೆದು ನುಣುಪಾಗಿವೆ. ಮೂರನೆಯ ಸಲ ಕಚೇರಿಯ ಮೆಟ್ಟಿಲಲ್ಲಿ ಕುಳಿತಾಗ ಅವಳು ನನ್ನನ್ನು ಕೇಳಿದಳು, "ಅಮ್ಮಾ, ನಾನು ಬದುಕಿದೀನಿ ಅಂತ ನೀವು ಒಂದು ಮಾತು ಹೇಳಿದ್ರೆ ಆಗಲ್ವಾ?" ಹೇಳಿದೆ. ಯಂತ್ರಕ್ಕೆ ನನ್ನ ಮಾತು ಬೇಕಿರಲಿಲ್ಲ.

ಆಮೇಲೆ ಬಂತು. ತಿಂಗಳಿಗೆ 1,200. ದಿನಕ್ಕೆ ನಲವತ್ತು ರೂಪಾಯಿ. ಇದೇ ಆ ಬಿಟ್ಟಿ.

ಈ ಪಿಂಚಣಿಯೊಳಗೆ ದೆಹಲಿಯವರ ಪಾಲೆಷ್ಟು ಎಂದು ನೋಡಿದರೆ ನಗು ಬರುತ್ತದೆ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಎಂಬತ್ತರೊಳಗಿನವರಿಗೆ ಕೇಂದ್ರ ಸರಕಾರ ಕೊಡುವುದು ತಿಂಗಳಿಗೆ 200 ರೂಪಾಯಿ. 2007ರಲ್ಲಿ ಆ ಯೋಜನೆಗೆ ಈ ಹೆಸರು ಬಂದಾಗಲೂ 200, ನಮ್ಮ ಮದುವೆ ಮನೆಯ ಮಾತು ನಡೆದ 2025ರಲ್ಲೂ 200. ನಡುವೆ ಎರಡು ಬಣ್ಣದ ಸರಕಾರಗಳು ಬಂದವು, ಬೆಲೆಗಳು ಸುಮಾರು ಮೂರು ಪಟ್ಟಾದವು, ಆ 200 ಮಾತ್ರ ಕಲ್ಲು ಬಸವನ ಹಾಗೆ ಕುಳಿತಲ್ಲೇ ಕುಳಿತಿದೆ. ಹಾಗಾದರೆ ದೆಹಲಿಯಲ್ಲಿ ಯಾರ ಪಿಂಚಣಿಯೂ ಏಳಲೇ ಇಲ್ಲವೇ? ಎದ್ದಿದೆ. 2025ರ ಮಾರ್ಚಿನಲ್ಲಿ ಮಾಜಿ ಸಂಸದರ ಪಿಂಚಣಿ 25,000ದಿಂದ 31,000 ಆಯಿತು. ಅದೂ 2023ರ ಏಪ್ರಿಲ್‌ನಿಂದಲೇ ಲೆಕ್ಕ ಹಿಡಿದು. ಯಾವ ಆಧಾರದ ಮೇಲೆ ಗೊತ್ತೇ? ಬೆಲೆಯೇರಿಕೆಯ ಸೂಚ್ಯಂಕದ ಮೇಲೆ. ಐದು ವರ್ಷಕ್ಕೊಮ್ಮೆ ತಾನಾಗಿ ಏರಲಿ ಎಂದು 2018ರಲ್ಲೇ ಕಾನೂನಿಗೆ ಸೇರಿಸಿಕೊಂಡಿದ್ದಾರೆ. ಒಳ್ಳೆಯ ವ್ಯವಸ್ಥೆ, ನಾನು ಆಕ್ಷೇಪಿಸುವುದಿಲ್ಲ. ಬೇಳೆ, ಎಣ್ಣೆ, ಔಷಧಿಗಳ ಬೆಲೆ ಸಂಸದರ ಮನೆಯ ಅಡುಗೆಕೋಣೆಯಲ್ಲಿ ಮಾತ್ರ ಏರುತ್ತದೆಯೇ ಎಂದಷ್ಟೇ ಕೇಳುತ್ತೇನೆ.

ನಮ್ಮ ಬೆಂಗಳೂರಿನವರು ಹಿಂದೆ ಬಿದ್ದಿಲ್ಲ. ಅದೇ ಮಾರ್ಚಿನಲ್ಲಿ ವಿಧಾನಸಭೆಯಲ್ಲಿ ದೊಡ್ಡ ಗದ್ದಲ, ಕಾಗದ ಹರಿಯುವುದು, ಅಮಾನತು. ಟಿ.ವಿ.ಯಲ್ಲಿ ನೀವೂ ನೋಡಿರುತ್ತೀರಿ. ಆ ಗದ್ದಲದ ನಡುವೆಯೇ ಶಾಸಕರ ವೇತನ, ಪಿಂಚಣಿಯ ಮಸೂದೆ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಶಾಸಕರ ಸಂಬಳ 40,000ದಿಂದ 80,000, ಮಾಜಿ ಶಾಸಕರ ಪಿಂಚಣಿ 50,000ದಿಂದ 75,000. ಅದಕ್ಕೆ ಮೂರು ವರ್ಷ ಮೊದಲು, 2022ರಲ್ಲಿ, ಅದು 40,000ದಿಂದ 50,000 ಆಗಿತ್ತು. ಎಷ್ಟು ಜಗಳವಾಡಿದರೂ ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರ ಹಾಗೆ ಒಟ್ಟಾಗುತ್ತಾರೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಹಿಂದೆ ನಾನೊಂದು ಭಾಗಾಕಾರ ಮಾಡಿದೆ. 75,000ವನ್ನು 1,200ರಿಂದ ಭಾಗಿಸಿದರೆ ಅರವತ್ತೆರಡೂವರೆ. ಒಬ್ಬ ಮಾಜಿ ಶಾಸಕರ ಮುಪ್ಪು ಅರವತ್ತೆರಡೂವರೆ ಅಜ್ಜಿಯರ ಮುಪ್ಪಿಗೆ ಸಮ. ವಿಧವೆಯರ 800ರ ಲೆಕ್ಕದಲ್ಲಾದರೆ ತೊಂಬತ್ತಮೂರು ಜನ, ಕೈಯಲ್ಲಿ 600 ಉಳಿಯುತ್ತದೆ.

"ಅದೆಲ್ಲ ಎಷ್ಟು ಜನಕ್ಕೆ ಮಹಾ, ಬೊಕ್ಕಸಕ್ಕೆ ಅದು ಲೆಕ್ಕವೇ ಅಲ್ಲ" ಎನ್ನುವವರಿದ್ದಾರೆ. ನಿಜ. ಮಾಜಿ ಶಾಸಕರ ಪಿಂಚಣಿ ಕಿತ್ತು ಹಂಚಿದರೆ ರಾಜ್ಯದ ಅಜ್ಜಿಯರಿಗೆ ತಲೆಗೊಂದು ಬನ್ನೂ ಬರಲಿಕ್ಕಿಲ್ಲ. ನಾನು ಕೇಳುತ್ತಿರುವುದು ಆ ದುಡ್ಡನ್ನಲ್ಲ, ಆ ನಿಯಮವನ್ನು. ಮುಪ್ಪಿನಲ್ಲಿ ಮನುಷ್ಯನಿಗೆ ಬೆಲೆಯೇರಿಕೆಯ ಬಿಸಿ ತಟ್ಟುತ್ತದೆ ಎಂದು ತಮ್ಮ ವಿಷಯದಲ್ಲಿ ಒಪ್ಪಿಕೊಂಡವರು ಇನ್ನೊಬ್ಬರ ವಿಷಯದಲ್ಲಿ ಯಾಕೆ ಮರೆಯುತ್ತಾರೆ ಎಂಬುದನ್ನು.

ಇಲ್ಲಿ ನಮ್ಮವರ ಮೇಲೂ ಎರಡು ಮಾತು ಹೇಳಬೇಕು. ಡಿಸೆಂಬರ್ 17 ನಮ್ಮಂಥ ನಿವೃತ್ತರಿಗೆ ಹಬ್ಬ, ಪಿಂಚಣಿದಾರರ ದಿನ. 1982ರ ಆ ದಿನ ನಕಾರಾ ಎಂಬ ನಿವೃತ್ತ ಅಧಿಕಾರಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ದೊಡ್ಡ ತೀರ್ಪು ಕೊಟ್ಟಿತು. ಪಿಂಚಣಿ ಎನ್ನುವುದು ಒಡೆಯನ ಕೃಪೆಯಲ್ಲ, ದಾನವಲ್ಲ, ಹಿಂದೆ ಮಾಡಿದ ದುಡಿಮೆಗೆ ಸಲ್ಲಬೇಕಾದದ್ದು ಎಂಬುದು ಅದರ ತಿರುಳು. ಪ್ರತಿ ವರ್ಷ ಶಾಲು ಹೊದಿಸಿ, ಆ ತೀರ್ಪನ್ನು ನೆನೆದು ಭಾಷಣ ಮಾಡುತ್ತೇವೆ. ಒಂದು ವರ್ಷ ಭಾಷಣ ಮುಗಿಸಿ ಕೆಳಗಿಳಿದ ಹಿರಿಯರೊಬ್ಬರು ಕಾಫಿ ಕುಡಿಯುತ್ತ ನನ್ನ ಬಳಿ ಹೇಳಿದರು: "ಈ ಬಿಟ್ಟಿ ಭಾಗ್ಯಗಳನ್ನು ನಿಲ್ಲಿಸಿದರೆ ನಮ್ಮ ಬಾಕಿ ತುಟ್ಟಿಭತ್ಯೆ ಬೇಗ ಬರುತ್ತೆ, ಅಲ್ವೇ ಮೇಡಂ?" ವೇದಿಕೆಯ ಮೇಲೆ ಕೃಪೆಯಲ್ಲ ಎಂದದ್ದು ಎರಡು ಮೆಟ್ಟಿಲು ಇಳಿಯುವುದರೊಳಗೆ ಕೃಪೆಯಾಗಿಬಿಟ್ಟಿತು! ಅವರು ಕುಡಿಯುತ್ತಿದ್ದ ಕಾಫಿ ಯಾರು ಕುಯ್ದದ್ದು? ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ, ಅದರಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ವಿದೇಶಿ ವಿನಿಮಯ ತಂದುಕೊಟ್ಟ ಬೆಳೆ ಎಂದು ಪಾಠದಲ್ಲಿ ನಾನೇ ಮಕ್ಕಳಿಗೆ ಹೇಳಿದ್ದೇನೆ. ತಂದವರ ಮುಪ್ಪಿನ ಬಗ್ಗೆ ಪಾಠದಲ್ಲಿ ಒಂದು ಸಾಲೂ ಇರಲಿಲ್ಲ. ನಾನೂ ಸೇರಿಸಲಿಲ್ಲ.

ಬೊಕ್ಕಸ ಖಾಲಿಯಾಗುತ್ತದೆ ಎಂಬ ಮಾತನ್ನು ತಳ್ಳಿಹಾಕಲಾರೆ. 2025-26ರ ರಾಜ್ಯ ಬಜೆಟ್ಟು ನಾಲ್ಕು ಲಕ್ಷ ಕೋಟಿಯ ಮೇಲೆ. ಅದರಲ್ಲಿ ಗ್ಯಾರಂಟಿಗಳಿಗೇ 50,000 ಕೋಟಿಗೂ ಹೆಚ್ಚು, ಅಂದರೆ ಎಂಟರಲ್ಲೊಂದು ಪಾಲು. ಅದು ಸಣ್ಣ ದುಡ್ಡಲ್ಲ. ಮಳೆಗಾಲ ಮುಗಿದ ಮೇಲೆ ಕಳಸದ ರಸ್ತೆಯಲ್ಲಿ ಒಮ್ಮೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಬನ್ನಿ, ಬೆನ್ನುಮೂಳೆಯೇ ಬಜೆಟ್ಟಿನ ಭಾಷಣ ಮಾಡುತ್ತದೆ. ಗೃಹಲಕ್ಷ್ಮಿಯ ಬಗ್ಗೆಯೂ ನನಗೆ ತಕರಾರಿದೆ, ಆದರೆ ಮದುವೆ ಮನೆಯವರ ತಕರಾರಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಆ ಯೋಜನೆಯಲ್ಲಿ ಆದಾಯ ತೆರಿಗೆ, ಜಿ.ಎಸ್.ಟಿ. ಕಟ್ಟುವ ಮನೆಯವರನ್ನು ಬಿಟ್ಟು ಪಡಿತರ ಚೀಟಿಯ ಎಲ್ಲ ಯಜಮಾನಿಯರಿಗೂ 2,000 ಇದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಲ್ಲ. ಎಂದಮೇಲೆ ನಮ್ಮ ಊರುಗಳಲ್ಲಿ ಕಾರಿನಲ್ಲಿ ಓಡಾಡುವ ಎಷ್ಟು ಅತ್ತೆಯರ ಖಾತೆಗೆ ಆ ದುಡ್ಡು ಬರುತ್ತಿದೆ, ನೀವೇ ಊಹಿಸಿ. ಬಿಟ್ಟಿ ಎಂದು ಬೈದವರ ಮನೆಗೂ ಬರುತ್ತದೆಂದು ಆಮೇಲೆ ನನಗೆ ತಿಳಿಯಿತು. ನಲವತ್ತರ ಗಟ್ಟಿಮುಟ್ಟಾದ ಯಜಮಾನಿಗೆ 2,000, ಅರವತ್ತೊಂಬತ್ತರ ಒಂಟಿ ಮುದುಕಿಯ ಪಿಂಚಣಿ 1,200. ಸರಕಾರಕ್ಕೆ ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರಾದರೂ ಕುಳಿತು ಯೋಚಿಸಿದ್ದರೆ ಲೆಕ್ಕ ಹೀಗಿರುತ್ತಿರಲಿಲ್ಲ. ಹಾಗೆಂದು ಆ ಎರಡು ಸಾವಿರವನ್ನು ನಿಲ್ಲಿಸಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ನಮ್ಮ ಅಜ್ಜಿಗೂ ಅದು ಬರುತ್ತದೆ. ಬಂದದ್ದರಲ್ಲಿ ಅರ್ಧ ಮೊಮ್ಮಗಳ ಕಾಲೇಜಿನ ಬಸ್ಸಿಗೆ, ಹಾಸ್ಟೆಲಿಗೆ ಹೋಗುತ್ತದೆ.

ಇನ್ನು, ತೋಟದವರು ನಾವು ಬಿಟ್ಟಿಯನ್ನೇ ಕಾಣದವರೆಂದು ನಂಬಿಸುವುದು ಬೇಡ. ಬೆಲೆ ಬಿದ್ದ ವರ್ಷ ಸಾಲಮನ್ನಾ ಕೇಳಿದ್ದೇವೆ, ಸಿಕ್ಕಿದೆ. ಸಹಕಾರ ಸಂಘದಲ್ಲಿ ಬಡ್ಡಿಯಿಲ್ಲದ ಬೆಳೆಸಾಲ ತೆಗೆದಿದ್ದೇವೆ. 2023ರಲ್ಲಿ ಅದರ ಮಿತಿ ಮೂರು ಲಕ್ಷದಿಂದ ಐದು ಲಕ್ಷವಾದಾಗ ಯಾರೂ ಬಿಟ್ಟಿ ಎನ್ನಲಿಲ್ಲ. ಒತ್ತುವರಿ ಮಾಡಿದ ಸರಕಾರಿ ಜಾಗವನ್ನು ಮಾಡಿದವರಿಗೇ 25 ಎಕರೆವರೆಗೆ 30 ವರ್ಷದ ಗುತ್ತಿಗೆಗೆ ಕೊಡಲು ಕಾನೂನನ್ನೇ ತಿದ್ದಿದಾಗ ನಮ್ಮ ಸೀಮೆಯಲ್ಲಿ ಸಿಹಿ ಹಂಚಿದವರನ್ನು ನಾನು ನೋಡಿದ್ದೇನೆ. ಬೇಡವೆನ್ನುತ್ತಿಲ್ಲ. 2000ದ ಆಸುಪಾಸಿನಲ್ಲಿ ರೇಟು ನೆಲಕಚ್ಚಿದಾಗ ನಮ್ಮ ಮನೆಯಲ್ಲೂ ಒಡವೆ ಬ್ಯಾಂಕಿಗೆ ಹೋಗಿತ್ತು. ಬೆಳೆಗಾರನ ಕಷ್ಟಕ್ಕೆ 'ಪರಿಹಾರ' ಎಂಬ ಗೌರವದ ಹೆಸರು, ಕುಯ್ದವಳ ಕಷ್ಟಕ್ಕೆ ಮಾತ್ರ 'ಬಿಟ್ಟಿ'.

ಹಾಗಾದರೆ ಪಿ.ಎಫ್. ಇರಲಿಲ್ಲವೇ ಎಂದು ನೀವು ಕೇಳಬಹುದು. ದೊಡ್ಡ ಎಸ್ಟೇಟುಗಳಲ್ಲಿ ಇದೆ. 1995ರ ನವೆಂಬರಿನಲ್ಲಿ ಶುರುವಾದ ನೌಕರರ ಪಿಂಚಣಿ ಯೋಜನೆಯೂ ಅದರೊಡನೆ ಬರುತ್ತದೆ. ಹತ್ತು ವರ್ಷ ಸೇವೆಯಿದ್ದರೆ 58ಕ್ಕೆ ಪಿಂಚಣಿ. ಅದರ ಕನಿಷ್ಠ ಮೊತ್ತವನ್ನು 2014ರ ಸೆಪ್ಟೆಂಬರಿನಿಂದ 1,000 ರೂಪಾಯಿ ಮಾಡಿದರು. 2013ರಲ್ಲೇ ಭಗತ್ ಸಿಂಗ್ ಕೋಶಿಯಾರಿಯವರ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ ಕನಿಷ್ಠ 3,000 ಆಗಬೇಕೆಂದಿತ್ತು. ಹನ್ನೊಂದು ವರ್ಷ ಕಳೆದು 2025 ಬಂದರೂ ಅದು 1,000ವೇ. ಆಮೇಲೆ ನೋಡಿ ತಮಾಷೆ. ಬೇರೆ ಯಾವುದೇ ಪಿಂಚಣಿ ಬರುತ್ತಿದ್ದರೆ ಸಂಧ್ಯಾ ಸುರಕ್ಷಾ ಇಲ್ಲವೆಂದು ನಿಯಮ. ಅಂದರೆ ಇಪ್ಪತ್ತು ವರ್ಷ ಸಂಬಳದಲ್ಲಿ ಪಿ.ಎಫ್. ಹಿಡಿಸಿಕೊಂಡು 1,000 ಪಡೆಯುವವಳಿಗೆ ಈ 1,200 ಸಿಗುವುದಿಲ್ಲ. ಏನೂ ಹಿಡಿಸದವಳಿಗೆ ಸಿಗುತ್ತದೆ. ಹೀಗೆ ಬಡವರಲ್ಲೇ ಒಬ್ಬಳನ್ನು ನೋಡಿ ಇನ್ನೊಬ್ಬಳು ಹೊಟ್ಟೆ ಉರಿದುಕೊಳ್ಳುವಂತೆ ಮಾಡಿಟ್ಟ ಮೇಲೆ, ಮೇಲಿನವರ ಕಡೆ ಯಾರು ತಲೆಯೆತ್ತಿ ನೋಡುತ್ತಾರೆ?

ನನ್ನ ಸೊಸೆಯದು ಇನ್ನೊಂದು ಕತೆ. ಅವಳೂ ಮೇಷ್ಟ್ರಗಿತ್ತಿ, ಸೇರಿದ್ದು 2009ರಲ್ಲಿ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹೊಸ ಪಿಂಚಣಿ, ಎನ್.ಪಿ.ಎಸ್. ದುಡ್ಡು ಹಿಡಿಯುತ್ತಾರೆ, ಮುಪ್ಪಿನಲ್ಲಿ ಎಷ್ಟು ಬರುತ್ತದೆಂದು ಹೇಳುವವರಿಲ್ಲ, ಷೇರುಪೇಟೆಯನ್ನು ಕೇಳಬೇಕು. ಅದೇ ಸ್ಟಾಫ್ ರೂಮು, ಅದೇ ಸೀಮೆಸುಣ್ಣ, ನನಗೊಂದು ನ್ಯಾಯ ಅವಳಿಗೊಂದು ನ್ಯಾಯ. ಅವಳು ಮುಷ್ಕರಕ್ಕೆ ಹೋದಾಗ ನಾನು ಬೇಡವೆನ್ನಲಿಲ್ಲ. ಕೇಂದ್ರ ಸರಕಾರ 2025ರ ಏಪ್ರಿಲ್‌ನಿಂದ ತನ್ನ ನೌಕರರಿಗೆ ಏಕೀಕೃತ ಪಿಂಚಣಿ ಎಂದು ತಂದು, ಹತ್ತು ವರ್ಷ ದುಡಿದವರಿಗೂ ಕನಿಷ್ಠ 10,000 ಎಂದಿದೆ. ಸಂತೋಷವೇ. ಅದನ್ನು ಓದುತ್ತ ನಾನು ಸೊಸೆಗೆ ಹೇಳಿದೆ, "ಹತ್ತು ವರ್ಷಕ್ಕೆ ಹತ್ತು ಸಾವಿರವಾದರೆ ನಲವತ್ತನಾಲ್ಕು ವರ್ಷಕ್ಕೆ ಎಷ್ಟೇ?" ಅವಳು ಗಣಿತದ ಮೇಷ್ಟ್ರಗಿತ್ತಿ. ಉತ್ತರ ಹೇಳದೆ ಲೋಟ ತೊಳೆಯಲು ಎದ್ದಳು.

ಇಂಗ್ಲೆಂಡಿನಲ್ಲಿರುವ ತಂಗಿಯ ಮಗಳು ಫೋನಿನಲ್ಲಿ ಅಲ್ಲಿಯ ಜಗಳ ಹೇಳುತ್ತಿರುತ್ತಾಳೆ. ಅಲ್ಲಿ 1909ರ ಜನವರಿ 1ರಿಂದಲೇ ಎಪ್ಪತ್ತಾದ ಬಡವರಿಗೆ ಅಂಚೆ ಕಚೇರಿಯಲ್ಲಿ ವಾರಕ್ಕೆ ಐದು ಶಿಲಿಂಗ್‌ವರೆಗೆ ಕೊಡುತ್ತಿದ್ದರಂತೆ. ಈಗ ಪಿಂಚಣಿ ವರ್ಷವರ್ಷ ಬೆಲೆಯ ಲೆಕ್ಕದಲ್ಲೋ, ಸಂಬಳದ ಲೆಕ್ಕದಲ್ಲೋ, ಇಲ್ಲವೇ ಶೇಕಡಾ ಎರಡೂವರೆಯೋ, ಯಾವುದು ಹೆಚ್ಚೋ ಅಷ್ಟು ಏರುತ್ತದೆ. ಇದು ದುಬಾರಿಯಾಯಿತೆಂದು ಒಬ್ಬರು, ಮುಟ್ಟಿದರೆ ಜೋಕೆ ಎಂದು ಇನ್ನೊಬ್ಬರು. 2024ರಲ್ಲಿ ಮುದುಕರ ಚಳಿಗಾಲದ ಸೌದೆ ದುಡ್ಡನ್ನು ಬಹಳ ಮಂದಿಗೆ ನಿಲ್ಲಿಸಿದ ಸರಕಾರ ಮರುವರ್ಷವೇ ಹಿಂದೆ ಸರಿಯಿತು. ಅಲ್ಲೂ ಪೆಟ್ಟು ಹೆಂಗಸರಿಗೇ ಬಿದ್ದಿದೆ. ಅರವತ್ತಕ್ಕೆ ಸಿಗುತ್ತಿದ್ದ ಪಿಂಚಣಿಯನ್ನು ಅರವತ್ತಾರಕ್ಕೆ ದೂಡಿದರು, ಸರಿಯಾಗಿ ತಿಳಿಸಲಿಲ್ಲವೆಂದು 1950ರ ದಶಕದಲ್ಲಿ ಹುಟ್ಟಿದ ಹೆಂಗಸರು, ನನ್ನ ವಾರಗೆಯವರು, ಬೀದಿಗಿಳಿದರು. ಪರಿಹಾರ ಕೊಡಿ ಎಂದು ಅಲ್ಲಿಯ ತನಿಖಾ ಅಧಿಕಾರಿಯೇ ಹೇಳಿದರೂ 2024ರ ಡಿಸೆಂಬರಿನಲ್ಲಿ ಸರಕಾರ ಇಲ್ಲವೆಂದಿತು. ಅವರ ದುಃಖ ಸಣ್ಣದಲ್ಲ. ಆದರೆ ಏಣಿ ಎಷ್ಟು ಎತ್ತರವಿರಬೇಕು ಎಂಬುದು ಅಲ್ಲಿಯ ಜಗಳ. ನಮ್ಮವಳಿಗೆ ಏಣಿಯೇ ಇಲ್ಲ. ಯಾವ ಮುಖ್ಯಮಂತ್ರಿಗೆ ಯಾವ ದಿನ ಮನಸ್ಸು ಬರುತ್ತದೋ ಆ ದಿನ ಇನ್ನೂರು ಏರುತ್ತದೆ. ಮನಸ್ಸು ಬರಬೇಕಾದರೆ ಚುನಾವಣೆ ಬರಬೇಕು.

ಈಗ ಮದುವೆ ಮನೆಯಲ್ಲಿ ನಾನು ಬಾಯಿ ಮುಚ್ಚಿ ಕುಳಿತ ಎರಡನೆಯ ಕಾರಣ.

ನಮ್ಮ ಮಾವನವರದು ಒಟ್ಟು ಮೂವತ್ತಾರು ಎಕರೆ. 1986ರಲ್ಲಿ ಮೂರು ಗಂಡುಮಕ್ಕಳಿಗೆ ಕಾಗದದಲ್ಲಿ ಭಾಗವಾಯಿತು, ತಲಾ ಹನ್ನೆರಡು. ಕಾಗದದಲ್ಲಿ ಮಾತ್ರ. ಕಣ ಒಂದೇ, ಪಲ್ಪರ್ ಒಂದೇ, ರೈಟರು ಒಬ್ಬನೇ, ಲೈನೂ ಒಂದೇ. ಮೂರು ಮನೆಯ ಹಾಜರಿ ಪುಸ್ತಕ ಬೇರೆ ಬೇರೆ ಯಾಕೆಂದು ಹೊಸ ಸೊಸೆ ನಾನು ಕೇಳಿದಾಗ ಮಾವನವರು ನಕ್ಕು, "ನಿಂಗೆ ಯಾಕಮ್ಮ ಅದೆಲ್ಲ, ಲೆಕ್ಕಕ್ಕೆ ಅನುಕೂಲ" ಎಂದಿದ್ದರು. ಅನುಕೂಲ ಏನೆಂದು ನನಗೆ ತಿಳಿದದ್ದು ನಿವೃತ್ತಿಯ ನಂತರ, ಅವಳ ಅರ್ಜಿ ಹಿಡಿದು ಅಲೆಯುವಾಗ. 1951ರ ತೋಟ ಕಾರ್ಮಿಕರ ಕಾಯಿದೆ ಅನ್ವಯಿಸುತ್ತಿದ್ದದ್ದು ಐದು ಹೆಕ್ಟೇರಿನಿಂದ ಮೇಲಕ್ಕೆ, ಅಂದರೆ ಹನ್ನೆರಡು ಎಕರೆ ಚಿಲ್ಲರೆ. ನಮ್ಮದು ಹನ್ನೆರಡು, ಚಿಲ್ಲರೆಯಿಲ್ಲ. ಪಿ.ಎಫ್.ಗೆ ಇಪ್ಪತ್ತು ಆಳಿರಬೇಕು. ಒಂದೊಂದು ಪುಸ್ತಕದಲ್ಲಿ ಹದಿಮೂರು ಹದಿನಾಲ್ಕು ಹೆಸರು. ಗ್ರಾಚ್ಯುಟಿ ಕಾಯಿದೆಯೂ ತೋಟವೆಂದರೆ ಯಾವುದೆಂಬುದಕ್ಕೆ ಆ ಮೊದಲಿನ ಕಾಯಿದೆಯತ್ತಲೇ ಬೊಟ್ಟು ಮಾಡುತ್ತಿತ್ತು. ಮೂರು ಕಾನೂನುಗಳು ನಮ್ಮ ಗೇಟಿನ ತನಕ ಬಂದು ಹಿಂದಿರುಗಿದ್ದವು. ತಪ್ಪೇನೂ ಮಾಡಿಲ್ಲ, ಎಲ್ಲ ಕಾನೂನು ಪ್ರಕಾರವೇ. ಅವಳು ಕೆಲಸ ಬಿಟ್ಟ ದಿನ ನಮ್ಮತ್ತೆ ಒಂದು ಸೀರೆ, ಐದು ಸೇರು ಅಕ್ಕಿ, ಎರಡು ಸಾವಿರ ರೂಪಾಯಿ ಕೊಟ್ಟರು. ಅವಳು ಕಾಲಿಗೆ ಬಿದ್ದಳು. ನಾನು ಪಕ್ಕದಲ್ಲಿ ನಿಂತಿದ್ದೆ.

ಹಾಗಾದರೆ ಬಿಟ್ಟಿಯಲ್ಲಿ ಬದುಕಿದ್ದು ಯಾರು?

ಮದುವೆಯಿಂದ ಬಂದ ರಾತ್ರಿ ಅದೇ ಕ್ಯಾಲೆಂಡರಿನ ಹಿಂದೆ ಇನ್ನೊಂದು ಲೆಕ್ಕ ಮಾಡಿದೆ. ಗ್ರಾಚ್ಯುಟಿ ಎಂದರೆ ವರ್ಷಕ್ಕೆ ಹದಿನೈದು ದಿನದ ಕೂಲಿ, ಕೊನೆಯ ಕೂಲಿಯ ದರದಲ್ಲಿ. ನಲವತ್ತನಾಲ್ಕು ವರ್ಷಕ್ಕೆ 660 ದಿನ. 2014ರಲ್ಲಿ ನಾವು ಕೊಡುತ್ತಿದ್ದದ್ದು ದಿನಕ್ಕೆ 200. ಒಟ್ಟು 1,32,000 ರೂಪಾಯಿ. 2025ರ ರೇಟಿನಲ್ಲಿ ಆರು ಚೀಲ ಕಾಫಿಯೂ ಅಲ್ಲ. ಬೆಳಿಗ್ಗೆ ಯಜಮಾನರ ಮುಂದಿಟ್ಟೆ. "ಕಾನೂನಲ್ಲಿ ಬರಲ್ವಲ್ಲೇ" ಎಂದರು. "ಬರಲ್ಲ" ಎಂದೆ. ತಿಂಡಿ ಆಗುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು, "ಮೂರರಲ್ಲಿ ಒಂದು ಪಾಲು ನಮ್ಮದು" ಎಂದರು. ನಮ್ಮ ಪಾಲಿನ 44,000 ಅವರು ತೆಗೆದಿಟ್ಟರು. ಭಾವನವರೂ ಮೈದುನನೂ ಇದೇನು ಹೊಸ ಸಂಪ್ರದಾಯ ಶುರುಮಾಡುತ್ತೀರಿ, ನಾಳೆ ಎಲ್ಲರೂ ಕೇಳುತ್ತಾರೆ ಎಂದರು. ಕೇಳಲಿ ಎಂದೇ ನಾನು ಇದನ್ನು ಬರೆಯುತ್ತಿರುವುದು. ಅವರಿಬ್ಬರ ಪಾಲನ್ನು ನನ್ನ ಪಿಂಚಣಿಯಿಂದ ತುಂಬಿಸಲು ಮನಸ್ಸಾಗಿತ್ತು, ಆದರೆ ತುಂಬಿಸಲಿಲ್ಲ. ಅದು ಅವರ ಬಾಕಿ.

ದುಡ್ಡು ತೆಗೆದುಕೊಂಡು ಅವಳ ಮನೆಗೆ ಹೋದೆ. ಈಗ ಮಗಳ ಜೊತೆ ಜನತಾಮನೆಯಲ್ಲಿದ್ದಾಳೆ. ಜಗುಲಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದಳು. ಕವರು ಕೈಗಿಟ್ಟೆ. ನೋಟು ನೋಡಿ ಹೆದರಿದಳು.

"ಇದು ಯಾವ ಲೆಕ್ಕ ಅಮ್ಮಾ?"

"ತೋಟದ್ದು. ನಿಂಗೆ ಬರಬೇಕಾಗಿದ್ದು. ಇನ್ನೂ ಬರಬೇಕು."

ನಿಧಾನವಾಗಿ ಎಣಿಸಿದಳು. ಎರಡು ಸಲ ಎಣಿಸಿದಳು. ಸೆರಗಿನಲ್ಲಿ ಕಟ್ಟಿಕೊಂಡಳು, ಬಿಚ್ಚಿದಳು, ನನ್ನ ಕಡೆ ಅರ್ಧ ಚಾಚಿದಳು.

"ಇದು ಬಂತು ಅಂತ ಗೊತ್ತಾದ್ರೆ, ಆ ಸಾವಿರದ ಇನ್ನೂರು ನಿಲ್ಲಿಸ್ತಾರಾ ಅಮ್ಮಾ?"